ಇಂಡ್ ಎಎಸ್: ಕಂಪನಿಗಳು ಹೊಸ ಲೆಕ್ಕಕ್ಕೆ ಹೊರಳಿದ ಬಗೆ

ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ ಅನ್ನು ಭಾರತ ಇದ್ದಂತೆಯೇ ಒಪ್ಪಲಿಲ್ಲ; ಅದಕ್ಕೆ ಹೊಂದುವ ಭಾರತೀಯ ಲೆಕ್ಕಪತ್ರ ಮಾನದಂಡಗಳನ್ನು (ಇಂಡ್ ಎಎಸ್) ರೂಪಿಸಿಕೊಂಡಿತು. ಕಂಪನಿ ವ್ಯವಹಾರಗಳ ಸಚಿವಾಲಯ ನಿಯಮಗಳನ್ನು ಹೊರಡಿಸಿದ್ದು 2015ರ ಫೆಬ್ರವರಿಯಲ್ಲಿ. ಕಾನೂನಿನ ಆಧಾರ: ಕಂಪನಿ ಕಾಯ್ದೆ 2013ರ ಸೆಕ್ಷನ್ 133.

500 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಿವ್ವಳ ಮೌಲ್ಯದ ಕಂಪನಿಗಳಿಗೆ 2016ರ ಏಪ್ರಿಲ್ 1ರಿಂದ ಕಡ್ಡಾಯ. ಮರುವರ್ಷ ಉಳಿದ ಲಿಸ್ಟೆಡ್ ಕಂಪನಿಗಳಿಗೂ 250 ಕೋಟಿ ಅಥವಾ ಅದಕ್ಕೂ ಹೆಚ್ಚು ನಿವ್ವಳ ಮೌಲ್ಯದ ಅನ್‌ಲಿಸ್ಟೆಡ್ ಕಂಪನಿಗಳಿಗೂ.

ಲೆಕ್ಕಪತ್ರ ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಇಂಡ್ ಎಎಸ್ 101ರಲ್ಲಿ. ಮೊದಲ ಬಾರಿಯ ಅಳವಡಿಕೆಗೆ ಸಂಬಂಧಿಸಿದ ಮಾನದಂಡವಿದು. ಹಿಂದಿನ ವರ್ಷದ ಅಂಕಿಗಳನ್ನೂ ಹೊಸ ಪದ್ಧತಿಯಲ್ಲೇ ತೋರಿಸಬೇಕು. ಹಾಗಾಗಿ 2016–17ರಲ್ಲಿ ಬದಲಾದ ಕಂಪನಿಯ ಪರಿವರ್ತನಾ ದಿನಾಂಕ 2015ರ ಏಪ್ರಿಲ್ 1! ಆ ದಿನದ ಆರಂಭಿಕ ಬ್ಯಾಲೆನ್ಸ್ ಶೀಟ್ ಹೊಸದಾಗಿ ಸಿದ್ಧವಾಗಬೇಕು. ಹಳೆ–ಹೊಸ ಲೆಕ್ಕದ ವ್ಯತ್ಯಾಸ ಸಾಮಾನ್ಯವಾಗಿ ಲಾಭ–ನಷ್ಟ ಖಾತೆಗಲ್ಲ, ಉಳಿಕೆ ಗಳಿಕೆಗೆ ಸೇರುತ್ತದೆ. ಒಮ್ಮೆ ಹೊರಳಿದರೆ ಹಿಂದಿರುಗುವಂತಿಲ್ಲ.

ಇಂಡ್ ಎಎಸ್ 115 (ಆದಾಯ) 2018ರಲ್ಲಿ, 116 (ಗುತ್ತಿಗೆ) 2019ರಲ್ಲಿ ಬಂದವು. ಗುತ್ತಿಗೆಯದೇ ದೊಡ್ಡ ಪೆಟ್ಟು: ಬಾಡಿಗೆಗೆ ಪಡೆದ ಕಚೇರಿ, ವಿಮಾನಗಳೂ ಬ್ಯಾಲೆನ್ಸ್ ಶೀಟಿಗೆ ಏರಿದವು. ಬ್ಯಾಂಕುಗಳಿಗೆ ಮಾತ್ರ ಆರ್‌ಬಿಐ 2019ರಲ್ಲಿ ಇಂಡ್ ಎಎಸ್ ಜಾರಿಯನ್ನು ಮುಂದೂಡಿತು.