50 ಕೆಜಿಯವರಿಗೆ 55ರ ಬಾಗಿಲು

ನಮ್ಮ ಹಾಸ್ಟೆಲ್ ರೂಮಿನಲ್ಲಿ ಮೂರು ಜನ ಇದ್ದೇವೆ. ಅದರಲ್ಲಿ ಒಬ್ಬಳು ಹತ್ತನೇ ಕ್ಲಾಸಿನವರೆಗೆ ಕರಾಟೆ ಕಲಿತು ಬ್ರೌನ್ ಬೆಲ್ಟ್ ತನಕ ಬಂದವಳು. ಪಿಯುಸಿ ಶುರುವಾಯ್ತು, ಟ್ಯೂಷನ್, ಸಿಇಟಿ, ಅಷ್ಟೇ, ಬಿಟ್ಟುಬಿಟ್ಟಳು. ಆಗ ಅವಳ ಮನೆಯಲ್ಲಿ ಒಂದು ಪ್ರಶ್ನೆ ಕೇಳಿದ್ರಂತೆ: "ಒಲಿಂಪಿಕ್ಸ್‌ನಲ್ಲೇ ಇಲ್ಲದ ಆಟಕ್ಕೆ ಇಷ್ಟೊಂದು ಟೈಮ್ ಯಾಕೆ?" ಅವಳ ಹತ್ತಿರ ಉತ್ತರ ಇರಲಿಲ್ಲ. ಈ ಸಂಚಿಕೆಗೆ ಕ್ರೀಡೆ ಬಗ್ಗೆ ಏನಾದ್ರೂ ಬರೀರಿ ಅಂತ ಸಂಘದವರು ಹೇಳಿದಾಗ ನಾವು ಮೂವರೂ ಸೇರಿ ಆ ಪ್ರಶ್ನೆಯನ್ನೇ ಹಿಡಿದು ಓದೋಕೆ ಕೂತೆವು. ಹುಡುಕುತ್ತಾ ಹೋದಾಗ ಸಿಕ್ಕಿದವರು ಟರ್ಕಿಯ ಸೆರಾಪ್ ಓಜ್‌ಚೆಲಿಕ್.

ಮೊದಲು ಹೆಸರು. ಟರ್ಕಿಷ್ ಭಾಷೆಯಲ್ಲಿ ಸೆರಾಪ್ ಅಂದರೆ ಬಿಸಿಲ್ಗುದುರೆ. ಓಜ್ ಅಂದರೆ ಅಪ್ಪಟ, ಚೆಲಿಕ್ ಅಂದರೆ ಉಕ್ಕು. ಮೆಕ್ಯಾನಿಕಲ್‌ನವರಿಗೆ ಖುಷಿಯಾಗಬೇಕು. ನಂತರದ ವರ್ಷಗಳಲ್ಲಿ ಅರಪೊಗ್ಲು ಅನ್ನೋದೂ ಹೆಸರಿನ ಕೊನೆಗೆ ಸೇರಿದೆ. ಬರೆಯುವಾಗ ಅದರಲ್ಲಿ ಒಂದು 'ಗ' ಇದೆ, ಆದರೆ ಅಲ್ಲಿನವರು ಹೇಳುವಾಗ ಅದು ಹೆಚ್ಚುಕಡಿಮೆ ಕೇಳಿಸೋದೇ ಇಲ್ಲ.

1988ರಲ್ಲಿ ಹುಟ್ಟಿದ ಇವರು ಆಡುವುದು ಕುಮಿತೆ. ಕರಾಟೆ ಸ್ಪರ್ಧೆಯಲ್ಲಿ ಎರಡು ಬಗೆ. ಕತಾ ಅಂದರೆ ಎದುರಾಳಿ ಇಲ್ಲದೆ, ಗೊತ್ತುಪಡಿಸಿದ ಚಲನೆಗಳನ್ನು ಒಬ್ಬರೇ ಮಾಡಿ ತೋರಿಸುವುದು. ಕುಮಿತೆ ಅಂದರೆ ಇಬ್ಬರು ಎದುರುಬದುರು ನಿಂತು ಆಡುವುದು. ನಮ್ಮ ತಲೆಯಲ್ಲಿ ಕರಾಟೆ ಅಂದ್ರೆ ಹೆಂಚು ಒಡೆಯೋದು ಅಂತಲೇ ಇತ್ತು (ಸ್ಕೂಲ್ ಡೇ ನೋಡಿದ ಎಲ್ಲರದ್ದೂ ಇದೇ ಕತೆ ಇರಬೇಕು). ಕುಮಿತೆಯಲ್ಲಿ ಅದೆಲ್ಲ ಏನೂ ಇಲ್ಲ. 8 ಮೀಟರ್ ಉದ್ದ, 8 ಮೀಟರ್ ಅಗಲದ ಮ್ಯಾಟ್, ಒಬ್ಬರಿಗೆ ಕೆಂಪು ಬೆಲ್ಟ್, ಇನ್ನೊಬ್ಬರಿಗೆ ನೀಲಿ, 3 ನಿಮಿಷ. ಮುಖಕ್ಕೋ ಮೈಗೋ ಪಂಚ್ ಸರಿಯಾಗಿ ಬಿದ್ದರೆ 1 ಪಾಯಿಂಟ್, ಅದಕ್ಕೆ ಯುಕೊ ಅಂತಾರೆ. ಮೈಗೆ ಕಿಕ್ ಆದರೆ 2, ವಾಜಾ-ಅರಿ. ತಲೆಗೆ ಕಿಕ್, ಅಥವಾ ಎದುರಾಳಿಯನ್ನು ಕೆಡವಿದ ಕೂಡಲೇ ಪಂಚ್, ಇದಕ್ಕೆ 3, ಇಪ್ಪೊನ್. 8 ಪಾಯಿಂಟ್ ಮುಂದೆ ಹೋದರೆ ಆಟ ಅಲ್ಲಿಗೇ ಮುಗೀತು.

ನಮಗೆ ಆಶ್ಚರ್ಯ ಆಗಿದ್ದು ಇಲ್ಲಿ. ಜೋರಾಗಿ ಹೊಡೆದರೆ ಪಾಯಿಂಟ್ ಸಿಗಲ್ಲ, ಪೆನಾಲ್ಟಿ ಬೀಳುತ್ತೆ. ಏಟು ಗುರಿ ಮುಟ್ಟುವಷ್ಟರಲ್ಲೇ ಅದನ್ನು ಹಿಡಿತಕ್ಕೆ ತಂದುಕೊಳ್ಳಬೇಕು. ಟೋಕಿಯೊ ಒಲಿಂಪಿಕ್ಸ್‌ನ ಗಂಡಸರ 75 ಕೆಜಿಗಿಂತ ಹೆಚ್ಚಿನ ವಿಭಾಗದ ಫೈನಲ್‌ನಲ್ಲಿ ಸೌದಿಯ ತಾರೆಗ್ ಹಮ್ದಿ 4-1ರಿಂದ ಮುಂದಿದ್ದರು. ಅವರ ಒಂದು ಕಿಕ್‌ಗೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು. ಚಿನ್ನ ಸಿಕ್ಕಿದ್ದು ಬಿದ್ದವರಿಗೆ! ಹೊಡೆದವರನ್ನು ಡಿಸ್‌ಕ್ವಾಲಿಫೈ ಮಾಡಿದರು. ಅಂದರೆ ಇಲ್ಲಿ ಗೆಲ್ಲಿಸೋದು ಫೋರ್ಸ್ ಅಲ್ಲ, ದೂರ ಮತ್ತು ಸಮಯ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕು.

ಸೆರಾಪ್ ಆಡುತ್ತಿದ್ದದ್ದು 50 ಕೆಜಿ ಒಳಗಿನವರ ವಿಭಾಗದಲ್ಲಿ, ಅಂದರೆ ಹೆಂಗಸರ ಕುಮಿತೆಯ ಅತಿ ಹಗುರದ ವಿಭಾಗ. 2014ರ ವಿಶ್ವ ಚಾಂಪಿಯನ್‌ಶಿಪ್ ಜರ್ಮನಿಯ ಬ್ರೆಮೆನ್‌ನಲ್ಲಿ ನಡೆಯಿತು. ಅಲ್ಲಿ ಇವರಿಗೆ ಚಿನ್ನ. ಆಗ ವಯಸ್ಸು 26. ಮರುವರ್ಷ ಬಾಕುವಿನಲ್ಲಿ ಮೊಟ್ಟಮೊದಲ ಯುರೋಪಿಯನ್ ಗೇಮ್ಸ್ ಆದಾಗ ಅಲ್ಲೂ ಪದಕ. ಯುರೋಪಿಯನ್ ಚಾಂಪಿಯನ್ ಪಟ್ಟ ಒಂದಕ್ಕಿಂತ ಹೆಚ್ಚು ಸಲ. 2018ರಲ್ಲಿ ಮ್ಯಾಡ್ರಿಡ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮತ್ತೆ ಫೈನಲ್. ಅಲ್ಲಿ ಜಪಾನಿನ ಮಿಹೊ ಮಿಯಹಾರಾ ಎದುರು ಸೋತು ಬೆಳ್ಳಿ. ಆಗ ಇವರಿಗೆ 30. ನಾಲ್ಕು ವರ್ಷ ಕಳೆದ ಮೇಲೂ ಪ್ರಪಂಚದ ಮೊದಲ ಇಬ್ಬರಲ್ಲಿ ಒಬ್ಬರಾಗಿದ್ದರು ಅನ್ನೋದು ನಮಗೆ ಆ ಚಿನ್ನಕ್ಕಿಂತ ದೊಡ್ಡದು ಅನಿಸಿತು. ನಾವು ಎರಡು ಸೆಮ್ ಒಂದೇ ತರಹ ಸಿಜಿಪಿಎ ಇಟ್ಕೊಳ್ಳೋಕೆ ಒದ್ದಾಡ್ತೀವಿ.

ಇನ್ನು ಒಲಿಂಪಿಕ್ಸ್ ವಿಷಯ. 2016ರ ಆಗಸ್ಟ್‌ನಲ್ಲಿ ರಿಯೊದಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಸೇರಿ, ಟೋಕಿಯೊ 2020ಕ್ಕೆ ಕರಾಟೆಯನ್ನು ಸೇರಿಸಿಕೊಂಡಿತು. ಅಷ್ಟು ವರ್ಷ ಮುಚ್ಚಿದ್ದ ಬಾಗಿಲು ತೆರೀತು. ಆದರೆ ಒಲಿಂಪಿಕ್ಸ್‌ನಲ್ಲಿ ಆಟಗಾರರ ಸಂಖ್ಯೆಗೆ ಮಿತಿ ಇರುತ್ತೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹೆಂಗಸರ ಕುಮಿತೆಗೆ ಐದು ತೂಕದ ವಿಭಾಗ: 50, 55, 61, 68 ಕೆಜಿ ಒಳಗಿನವರು, ಆಮೇಲೆ 68ಕ್ಕಿಂತ ಮೇಲಿನವರು. ಟೋಕಿಯೊದಲ್ಲಿ ಅದನ್ನು ಮೂರಕ್ಕೆ ಇಳಿಸಿದರು: 55 ಒಳಗೆ, 61 ಒಳಗೆ, 61ಕ್ಕಿಂತ ಮೇಲೆ. ಅಂದರೆ 50 ಕೆಜಿ ವಿಭಾಗ ಅಂತ ಒಂದು ಇಲ್ಲವೇ ಇಲ್ಲ. ಸೆರಾಪ್ ವಿಶ್ವ ಚಾಂಪಿಯನ್ ಆದ ವಿಭಾಗವನ್ನು 55ರ ಜೊತೆ ಮಿಕ್ಸ್ ಮಾಡಿಬಿಟ್ಟರು. ಎಲಿಜಿಬಿಲಿಟಿ ಲಿಸ್ಟ್‌ನಲ್ಲಿ ನಮ್ಮ ಬ್ರಾಂಚ್ ಹೆಸರೇ ಇರಲ್ಲ, ಆದ್ರೂ ಪಕ್ಕದ ಬ್ರಾಂಚಿನವರ ಜೊತೆ ಕೂತು ಅವರ ಟೆಸ್ಟ್ ಬರೀಬೇಕು, ಅಂಥ ಸ್ಥಿತಿ.

5 ಕೆಜಿ ಅಷ್ಟು ದೊಡ್ಡ ವಿಷಯವಾ? ಇದನ್ನು ನಾವು ರಫ್ ಶೀಟ್‌ನಲ್ಲಿ ಲೆಕ್ಕ ಹಾಕಿ ನೋಡಿದೆವು. 50ರಿಂದ 55 ಅಂದರೆ ಶೇಕಡಾ 10 ಹೆಚ್ಚು. ಮೈಕಟ್ಟು ಒಂದೇ ಅಂತ ಇಟ್ಟುಕೊಂಡರೆ ತೂಕ ಎತ್ತರದ ಘನಕ್ಕೆ ತಕ್ಕಂತೆ ಏರುತ್ತೆ. 1.1ರ ಘನಮೂಲ ಸುಮಾರು 1.032. ಹಾಗಾಗಿ 155 ಸೆಂಟಿಮೀಟರ್ ಎತ್ತರದವರ ಎದುರಿಗೆ 160 ಸೆಂಟಿಮೀಟರ್‌ನವರು ನಿಲ್ಲುತ್ತಾರೆ. ಇವು ಯಾರದೋ ನಿಜವಾದ ಎತ್ತರ ಅಲ್ಲ, ಲೆಕ್ಕಕ್ಕೆ ತಗೊಂಡಿದ್ದು. ಕಾಲು ಎತ್ತರದ ಅರ್ಧ ಅಂದುಕೊಂಡರೆ ವ್ಯತ್ಯಾಸ 2.5 ಸೆಂಟಿಮೀಟರ್. ಪಾದ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬರುತ್ತಿದ್ದರೆ ಆ ದೂರಕ್ಕೆ ಬೇಕಾಗೋದು 2.5 ಮಿಲಿಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಮೈ ಪ್ರತಿಕ್ರಿಯಿಸಲು ನಮಗೆ ಸುಮಾರು 200 ಮಿಲಿಸೆಕೆಂಡ್ ಬೇಕು. ಹಾಗಾದ್ರೆ ಏನೂ ವ್ಯತ್ಯಾಸ ಇಲ್ಲ ಅಂತ ನಾವಿಬ್ಬರು ಪೆನ್ ಕೆಳಗಿಟ್ಟೆವು.

ಬ್ರೌನ್ ಬೆಲ್ಟಿನವಳು ನಕ್ಕಳು. "ಏಟು ಬರೋ ಟೈಮ್ ಅಲ್ಲ ಕಣ್ರೇ. ನಾನು ಎಲ್ಲಿ ನಿಂತರೆ ಸೇಫ್ ಅನ್ನೋದು ಕಾಲಿಗೆ ಗೊತ್ತಿರುತ್ತೆ. ಅದು ವರ್ಷಗಟ್ಟಲೆ ಕೂತಿರೋ ಅಳತೆ. ಎದುರಿಗಿರೋರು ಎರಡೂವರೆ ಸೆಂಟಿಮೀಟರ್ ಉದ್ದ ಆದ್ರೆ ನಾನು ಸೇಫ್ ಅಂದ್ಕೊಂಡ ಜಾಗದಲ್ಲೇ ಏಟು ಬೀಳುತ್ತೆ." ಕರಾಟೆಯಲ್ಲಿ ಇದಕ್ಕೆ ಮಾ-ಆಯ್ ಅಂತಾರಂತೆ, ಇಬ್ಬರ ನಡುವಿನ ಅಂತರ. ನಮ್ಮ ಮಾತಲ್ಲಿ ಹೇಳೋದಾದ್ರೆ ಕ್ಯಾಲಿಬ್ರೇಷನ್ ತಪ್ಪಿದ ಇನ್‌ಸ್ಟ್ರುಮೆಂಟ್. ರೀಡಿಂಗ್ ಬರ್ತಾ ಇರುತ್ತೆ, ಆದರೆ ಎಲ್ಲದರಲ್ಲೂ ಸಣ್ಣ ಎರರ್. ಜೊತೆಗೆ ನಮ್ಮ ಲೆಕ್ಕದಲ್ಲಿ ಇನ್ನೊಂದು ತಪ್ಪಿತ್ತು. ಮೈಕಟ್ಟು ಒಂದೇ ಅಂತ ನಾವು ಅಂದುಕೊಂಡೆವು. 55ರವರಲ್ಲಿ ಒಬ್ಬರು ಸಪೂರ, ಉದ್ದ, ಇನ್ನೊಬ್ಬರು ಗಿಡ್ಡ, ಗಟ್ಟಿ ಇರಬಹುದಲ್ವಾ.

ಕೊರೋನಾದಿಂದ ಒಂದು ವರ್ಷ ಮುಂದೆ ಹೋದ ಒಲಿಂಪಿಕ್ಸ್‌ನಲ್ಲಿ ಕರಾಟೆ ನಡೆದದ್ದು ನಿಪ್ಪೊನ್ ಬುಡೊಕಾನ್‌ನಲ್ಲಿ, 2021ರ ಆಗಸ್ಟ್ 5ರಿಂದ 7ರವರೆಗೆ. 1964ರ ಒಲಿಂಪಿಕ್ಸ್‌ನ ಜೂಡೊಗೆ ಅಂತ ಕಟ್ಟಿದ ಹಾಲ್ ಅದು. ಹೆಂಗಸರ 55 ಕೆಜಿ ಮೊದಲ ದಿನವೇ ಇತ್ತು. ಎರಡು ಗುಂಪು, ಒಂದೊಂದರಿಂದ ಇಬ್ಬರು ಮಾತ್ರ ಸೆಮಿಫೈನಲ್‌ಗೆ. 33 ವರ್ಷದ ಸೆರಾಪ್ ಗುಂಪಿನ ಹಂತ ದಾಟಲಿಲ್ಲ. ಮ್ಯಾಡ್ರಿಡ್‌ನಲ್ಲಿ ಅವರನ್ನು ಸೋಲಿಸಿದ್ದ ಮಿಯಹಾರಾ, ಅದೂ ತಮ್ಮದೇ ದೇಶದಲ್ಲಿ, ದಾಟಲಿಲ್ಲ. ಚಿನ್ನ ಬಲ್ಗೇರಿಯಾದ ಇವೆಟ್ ಗೊರನೊವಾಗೆ, ಬೆಳ್ಳಿ ಉಕ್ರೇನಿನ ಅಂಜೆಲಿಕಾ ಟೆರ್ಲಿಯುಗಾಗೆ.

ಇಲ್ಲಿಗೆ ನಿಲ್ಲಿಸಿ "ನೋಡಿ, ರೂಲ್ ಅನ್ಯಾಯ ಮಾಡ್ತು" ಅಂತ ಬರೆದರೆ ನಮ್ಮ ಕೆಲಸ ಸುಲಭ ಆಗ್ತಿತ್ತು. ಆದರೆ ಆ ದಿನದ ಎರಡು ಕಂಚಿನಲ್ಲಿ ಒಂದು ಆಸ್ಟ್ರಿಯಾದ ಬೆಟ್ಟಿನಾ ಪ್ಲಾಂಕ್‌ಗೆ. ಅವರೂ 50 ಕೆಜಿಯವರೇ! ಹಾಗಾಗಿ ಸೋಲನ್ನೆಲ್ಲ ತೂಕದ ಮೇಲೆ ಹಾಕೋಕೆ ಆಗಲ್ಲ. ನಮಗೆ ಅನಿಸಿದ್ದು ಇಷ್ಟು: ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಆದರೆ ಬೇರೆಯವರ ಅಳತೆಗೆ ಮಾಡಿದ್ದಾಗಿತ್ತು. ಸೆರಾಪ್‌ಗೆ ಅದು ಸಿಕ್ಕಿದ್ದೂ 33ನೇ ವಯಸ್ಸಿನಲ್ಲಿ.

ಇನ್ನೊಂದು ಸಲ ಪ್ರಯತ್ನ ಮಾಡೋಣ ಅಂದ್ರೆ ಅದೂ ಇಲ್ಲ. ಟೋಕಿಯೊ ನಡೆಯುವ ಮೊದಲೇ, 2019ರಲ್ಲಿ, ಪ್ಯಾರಿಸ್‌ನವರು ತಮ್ಮ 2024ರ ಹೆಚ್ಚುವರಿ ಆಟಗಳ ಪಟ್ಟಿ ಕೊಟ್ಟಿದ್ದರು: ಬ್ರೇಕಿಂಗ್, ಸರ್ಫಿಂಗ್, ಸ್ಕೇಟ್‌ಬೋರ್ಡಿಂಗ್, ಸ್ಪೋರ್ಟ್ ಕ್ಲೈಂಬಿಂಗ್. ಕರಾಟೆ ಇಲ್ಲ. 2028ರ ಲಾಸ್ ಏಂಜಲೀಸ್‌ಗೆ ಸೇರಿದ್ದು ಕ್ರಿಕೆಟ್, ಸ್ಕ್ವಾಷ್, ಲ್ಯಾಕ್ರೋಸ್, ಫ್ಲ್ಯಾಗ್ ಫುಟ್‌ಬಾಲ್, ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್. ಅಲ್ಲೂ ಕರಾಟೆ ಇಲ್ಲ. ಕ್ರಿಕೆಟ್ ಬಂತು ಅಂತ ನಮ್ಮ ಬ್ಲಾಕ್‌ನಲ್ಲಿ ಎಲ್ಲರೂ ಖುಷಿಪಟ್ಟಿದ್ದೆವು, ಅದೇ ಪಟ್ಟಿಯಲ್ಲಿ ಯಾವುದು ಇಲ್ಲ ಅಂತ ಯಾರೂ ನೋಡಿರಲಿಲ್ಲ.

ಟರ್ಕಿಗೆ ಮಾತ್ರ ಆ ಮೂರು ದಿನ ವ್ಯರ್ಥ ಆಗಲಿಲ್ಲ. ಟೋಕಿಯೊದಲ್ಲಿ ಆ ದೇಶ ಗೆದ್ದ 13 ಪದಕಗಳಲ್ಲಿ 4 ಕರಾಟೆಯವು. ಎರಾಯ್ ಶಮ್‌ದಾನ್‌ಗೆ ಬೆಳ್ಳಿ, ಅಲಿ ಸೊಫುವೊಗ್ಲು, ಉಗುರ್ ಅಕ್ತಾಶ್, ಮೆರ್ವೆ ಚೊಬಾನ್‌ಗೆ ಕಂಚು. ನಾಲ್ವರಲ್ಲಿ ಮೆರ್ವೆ ಒಬ್ಬರೇ ಹೆಣ್ಣು, 61 ಕೆಜಿ ವಿಭಾಗ. ಪದಕ ಇಲ್ಲದೆ ಬಂದ ಸೆರಾಪ್ ಆ ತಂಡದ ಮಾಜಿ ವಿಶ್ವ ಚಾಂಪಿಯನ್.

ಇದನ್ನೆಲ್ಲ ಬರೆದು ಮುಗಿಸಿದ ರಾತ್ರಿ ರೂಮಿನ ಮುಂದಿನ ಕಾರಿಡಾರ್‌ನಲ್ಲಿ ಟೈಲ್ಸ್ ಎಣಿಸಿ ದೂರ ಗುರುತು ಮಾಡಿ, ನಾವಿಬ್ಬರು ಅವಳ ಎದುರು ನಿಂತು ಪಂಚ್ ಹಾಕಿ ನೋಡಿದೆವು. ಮೂರು ನಿಮಿಷ ಅಂದ್ರೆ ಎಷ್ಟು ಉದ್ದ ಅಂತ ಆಗ ಗೊತ್ತಾಯ್ತು. ಅವಳು ನಮಗೆ ಒಂದು ಪಾಯಿಂಟೂ ಕೊಡಲಿಲ್ಲ, ಕೈ ಹಿಂದಕ್ಕೆ ಎಳೆದುಕೊಳ್ತಿಲ್ಲ ಅಂತ. ಆಮೇಲೆ ಮನೆಗೆ ಫೋನ್ ಮಾಡಿ, ಅಟ್ಟದ ಮೇಲಿರೋ ಬೆಲ್ಟ್ ಮುಂದಿನ ವಾರ ಕಳಿಸಿಕೊಡಿ ಅಂತ ಅಮ್ಮನಿಗೆ ಹೇಳಿದಳು. ಅವರು ಮತ್ತೆ ಅದೇ ಪ್ರಶ್ನೆ ಕೇಳಿದ್ರು. ಸ್ಪೀಕರ್ ಆನ್ ಇತ್ತು, ನಮಗೂ ಕೇಳಿಸ್ತು.