ಕೌಂಟರಿನ ಹಿಂದೆ ನಿಂತ ಮಿಡ್‌ಫೀಲ್ಡರ್

ವಿಶಾಖಪಟ್ಟಣ

ಪುಟ್ಟೂ,

ಮೊನ್ನೆ ರಾತ್ರಿ ನೀನು ವಿಜಯವಾಡದಿಂದ ಫೋನ್ ಮಾಡಿ ಮಾತು ಮುಗಿಸಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಬಿ.ಫಾರ್ಮಾವನ್ನು ಮೂರನೇ ವರ್ಷಕ್ಕೇ ಬಿಟ್ಟು, ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ, ಬೆಂಗಳೂರಿನ ಸೂಪರ್ ಡಿವಿಷನ್ ಫುಟ್‌ಬಾಲ್ ತಂಡವೊಂದರ ಟ್ರಯಲ್ಸ್‌ಗೆ ಹೋಗುತ್ತೇನೆ ಎಂದೆ. ನಿನ್ನಪ್ಪ ಬೈದರು, ಅಮ್ಮ ಅತ್ತರು, ನೀವಾದರೂ ಹೂಂ ಅನ್ನಿ ತಾತ ಎಂದೆ. ನಾನು ಹೂಂ ಅನ್ನಲಿಲ್ಲ, ಊಹೂಂ ಎಂದೂ ಹೇಳಲಿಲ್ಲ. ಅದಕ್ಕೇ ಈ ಪತ್ರ. ತೆಲುಗು ಶಾಲೆಯಲ್ಲಿ ಓದಿದರೂ ನಿನ್ನಮ್ಮ ನಿನಗೆ ಕನ್ನಡ ಓದಲು ಕಲಿಸಿದ್ದಾಳೆ, ಅಷ್ಟು ಧೈರ್ಯ ನನಗೆ. ನಿನ್ನ ಹಾಗೆಯೇ ಯೋಚಿಸುವ ಹುಡುಗರು ಊರೂರಲ್ಲೂ ಇದ್ದಾರೆಂದು ನಿನ್ನ ಒಪ್ಪಿಗೆ ಕೇಳಿಯೇ ಇದನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ.

ನೀನು ಆಡುವ ಜಾಗಕ್ಕೆ ನಮ್ಮ ಕಾಲದಲ್ಲಿ ‘ಹಾಫ್’ ಎನ್ನುತ್ತಿದ್ದೆವು. ಲೆಫ್ಟ್ ಹಾಫ್, ಸೆಂಟರ್ ಹಾಫ್. ಈಗ ಮಿಡ್‌ಫೀಲ್ಡರ್. ಹೆಸರು ಯಾವುದಾದರೂ ಕೆಲಸ ಒಂದೇ, ಮುಂದಿನವರಿಗೂ ಹಿಂದಿನವರಿಗೂ ಸೇತುವೆಯಾಗುವುದು. ಈ ಜಾಗದಲ್ಲಿ ಆಡುವವರನ್ನು ಸ್ಪೇನ್ ದೇಶ ಬೆಳೆಸಿದ ಹಾಗೆ ಬೇರೆ ಯಾರೂ ಬೆಳೆಸಿಲ್ಲ ಎಂಬುದು ನನ್ನ ಅಭಿಪ್ರಾಯ. ಕ್ಸಾವಿ, ಇನಿಯೆಸ್ಟಾ ನಿನಗೆ ಗೊತ್ತು. ನಾನು ಹೇಳಬೇಕೆಂದಿರುವುದು ಅವರ ಕತೆಯಲ್ಲ. ಬೆಂಗಳೂರಿನ ನಮ್ಮ ಕಂಠೀರವ ಕ್ರೀಡಾಂಗಣಕ್ಕೇ ಬಂದು ಆಡಿಹೋದ ಇಬ್ಬರದು.

ಮೊದಲನೆಯವನು ಡಿಮಾಸ್ ಡೆಲ್ಗಾಡೊ. ಬಾರ್ಸಿಲೋನಾದ ಬಿ ತಂಡದಲ್ಲಿ ಆಡಿದವನು. ಮೇಲಿನ ತಂಡದಲ್ಲಿ ನೆಲೆ ಸಿಗಲಿಲ್ಲ. ಸಣ್ಣ ಊರುಗಳ ನುಮಾನ್ಸಿಯಾ, ರೆಕ್ರೆಯಾಟಿವೊ ಎಂಬ ಕ್ಲಬ್ಬುಗಳಲ್ಲಿ ವರ್ಷಗಟ್ಟಲೆ ದುಡಿದ. ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ವೆಸ್ಟರ್ನ್ ಸಿಡ್ನಿ ವಾಂಡರರ್ಸ್ ಸೇರಿದ. 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದಾಗ ವಯಸ್ಸು 34. ನಮ್ಮಲ್ಲಿ ಆ ವಯಸ್ಸಿಗೆ ಬೂಟು ಅಟ್ಟ ಸೇರಿರುತ್ತದೆ.

ಆ ವರ್ಷ ನಾನು ಬೆಂಗಳೂರಿಗೆ ಹೋಗಿದ್ದಾಗ ಕಂಠೀರವದಲ್ಲಿ ಎರಡು ಪಂದ್ಯ ನೋಡಿದೆ. ಚೆಂಡನ್ನು ಬಿಟ್ಟು ಅವನನ್ನೇ ನೋಡುತ್ತಾ ಕುಳಿತೆ. ಓಟದಲ್ಲಿ ವೇಗವಿರಲಿಲ್ಲ, ಎದುರಾಳಿಯನ್ನು ಗುದ್ದಿ ಬೀಳಿಸುವ ಮೈಯೂ ಅಲ್ಲ. ಆದರೆ ಚೆಂಡು ಇನ್ನೂ ಸ್ಟಾಪರ್‌ನ ಕಾಲಲ್ಲಿ ಇರುವಾಗಲೇ ಅವನ ಕತ್ತು ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಬೆನ್ನ ಹಿಂದಕ್ಕೊಮ್ಮೆ ತಿರುಗುತ್ತಿತ್ತು. ಕೈತೋಟದಲ್ಲಿ ಕಾಳು ಹೆಕ್ಕುವ ಮೈನಾ ಹಕ್ಕಿಯನ್ನು ನೋಡಿದ್ದೀಯಲ್ಲ, ಹಾಗೆ. ಚೆಂಡು ಬರುವ ಹೊತ್ತಿಗೆ ಮೈ ಅರ್ಧ ತಿರುಗಿಯೇ ಇರುತ್ತಿತ್ತು. ಎಲ್ಲಿಗೆ ಕಳಿಸಬೇಕೆಂಬುದು ಆಗಲೇ ತೀರ್ಮಾನವಾಗಿರುತ್ತಿತ್ತು. ಬೇರೆಯವರು ಚೆಂಡು ಸಿಕ್ಕ ಮೇಲೆ ಯೋಚಿಸುತ್ತಾರೆ, ಆತ ಯೋಚಿಸಿ ಮುಗಿಸಿದ ಮೇಲೆ ಚೆಂಡು ತೆಗೆದುಕೊಳ್ಳುತ್ತಿದ್ದ. ಓಡಿ ದಣಿಯಬೇಕಾದ ಎಷ್ಟೋ ದೂರವನ್ನು ಕಣ್ಣಲ್ಲೇ ಉಳಿಸುತ್ತಿದ್ದ ಎಂದು ನನಗನಿಸುತ್ತದೆ. ಇಲ್ಲದಿದ್ದರೆ ಮುಂದಿನ ವರ್ಷಗಳಲ್ಲೂ ಹೇಗೆ ಬಾಳಿಕೆ ಬರುತ್ತಿದ್ದ?

2018ರ ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಬೆಂಗಳೂರು ಚೆನ್ನೈಯಿನ್ ಎದುರು 3–2ರಿಂದ ಸೋತಿತು. ಲೀಗ್‌ನಲ್ಲಿ ಮೊದಲ ಸ್ಥಾನ, ತವರಿನ ಮೈದಾನ, ಒಂಬತ್ತನೇ ನಿಮಿಷಕ್ಕೇ ಛೆಟ್ರಿಯ ಗೋಲು. ಆದರೂ ಸೋಲು. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಅದೇ ಮಾರ್ಚ್ 17, ಮುಂಬೈಯಲ್ಲಿ ಗೋವಾ ಎದುರು ಮತ್ತೆ ಫೈನಲ್. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದಲ್ಲಿ ಗೋವಾದ ಜಹೂಹ್‌ಗೆ ಕೆಂಪು ಕಾರ್ಡ್. 117ನೇ ನಿಮಿಷದಲ್ಲಿ ಬೆಂಗಳೂರಿಗೆ ಒಂದು ಕಾರ್ನರ್ ಸಿಕ್ಕಿತು. ಡಿಮಾಸ್ ಒದ್ದ, ರಾಹುಲ್ ಭೆಕೆ ತಲೆ ಕೊಟ್ಟ, ಕಪ್ಪು ಬೆಂಗಳೂರಿಗೆ ಬಂತು. ಎಲ್ಲರ ಕಾಲು ಸೋತ ಹೊತ್ತಲ್ಲಿ, 36 ವರ್ಷದವನ ಕಾಲಿನಿಂದ ಅಷ್ಟು ಕರಾರುವಾಕ್ಕಾದ ಚೆಂಡು! ಇಲ್ಲಿ ಮನೆಯಲ್ಲಿ ಒಬ್ಬನೇ ಟಿವಿ ಮುಂದೆ ಎದ್ದು ನಿಂತು ಕೂಗಿದೆ. ಪಕ್ಕದ ಮನೆಯವರು ಏಮೈಂದಿ ಎಂದು ಕೇಳಿಕೊಂಡು ಬಂದರು.

ಇದು ನಿನಗೆ ಹಿಡಿಸುವ ಕತೆ. ಈಗ ಹೇಳುವುದು ನಿನಗೆ ಬೇಕಾದ ಕತೆ.

ಅದೇ 2017ರಲ್ಲಿ ಅದೇ ತಂಡಕ್ಕೆ ಇನ್ನೊಬ್ಬ ಸ್ಪೇನಿನವನು ಬಂದಿದ್ದ, ಟೋನಿ ಡೊವಾಲೆ. 1990ರಲ್ಲಿ ಹುಟ್ಟಿದವನು, ಗಲೀಷಿಯಾ ಸೀಮೆಯ ಲಾ ಕೊರುನ್ಯಾದವನು. ಅದೂ ನಮ್ಮ ವಿಶಾಖದ ಹಾಗೆ ಸಮುದ್ರಕ್ಕೆ ಅಂಟಿಕೊಂಡ ಬಂದರಿನ ಊರು. ಬಾರ್ಸಿಲೋನಾದ ಎಳೆಯರ ತಂಡಗಳಲ್ಲಿ ಬೆಳೆದ. ಅಲ್ಲಿ ಕಾಲಿಟ್ಟ ಮಕ್ಕಳೆಲ್ಲ ಮೆಸ್ಸಿಗಳೇ ಆಗುತ್ತಾರೆಂದು ಲೋಕ ತಿಳಿದಿದೆ. ಹೆಚ್ಚಿನವರು ಆಗುವುದಿಲ್ಲ. ಟೋನಿಯೂ ಆಗಲಿಲ್ಲ. ಸೆಲ್ಟಾ, ಲುಗೊ, ಅಮೆರಿಕದ ಸ್ಪೋರ್ಟಿಂಗ್ ಕಾನ್ಸಾಸ್ ಸಿಟಿ, ಲೆಗಾನೆಸ್, ನಮ್ಮ ಬೆಂಗಳೂರು, ಥಾಯ್ಲೆಂಡ್, ಕೊನೆಗೆ ಕೋಲ್ಕತ್ತಾದ ಈಸ್ಟ್ ಬೆಂಗಾಲ್. ಹತ್ತು ವರ್ಷದಲ್ಲಿ ಎಷ್ಟು ಊರು, ಎಷ್ಟು ಬಾಡಿಗೆ ಮನೆ, ಎಷ್ಟು ಸಲ ಪೆಟ್ಟಿಗೆ ಕಟ್ಟಿದ್ದು ಲೆಕ್ಕ ಹಾಕು. ಬೆಂಗಳೂರಲ್ಲೂ ಒಂದು ಋತುವಿನ ಮೇಲೆ ಉಳಿಯಲಿಲ್ಲ.

ಆದರೆ ಆ ಪೆಟ್ಟಿಗೆಯಲ್ಲಿ ಬೂಟಿನ ಜತೆ ಪುಸ್ತಕಗಳೂ ಇದ್ದವು. ಆಡುತ್ತಲೇ ಆತ ಓದಿದ್ದು ಯಾವ ಕೋರ್ಸು ಗೊತ್ತೇ? ಫಾರ್ಮಸಿ. ನೀನು ಅರ್ಧಕ್ಕೆ ಬಿಡಲು ಹೊರಟಿರುವ ಅದೇ ಓದು.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಸ್ಪೇನಿನಲ್ಲಿ ಲೀಗ್ ನಿಂತಿತು, ಜನ ಮನೆಯೊಳಗೆ ಸೇರಿದರು. ಬಾರ್ಸಿಲೋನಾದ ಕ್ಯಾಂಪ್ ನೌ ಮೈದಾನ ಕೂಡ ಖಾಲಿ. ಆಗ ಟೋನಿ ತನ್ನ ಊರಿನ ಬಳಿ ಮನೆಯವರ ಔಷಧದಂಗಡಿಯ ಕೌಂಟರಿನ ಹಿಂದೆ ಬಿಳಿ ಕೋಟು ತೊಟ್ಟು ನಿಂತ. ಹೆದರಿ ಬಂದ ಮುದುಕರಿಗೆ ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ಹೇಳುವ ಕೆಲಸ. ಅಂಥ ದಿನಗಳಲ್ಲಿ ಊರಿಗೆ ಬೇಕಾಗಿದ್ದವನು ಅವನೇ. ಈ ಸುದ್ದಿಯನ್ನು ನಾನೂ ಮನೆಯೊಳಗೆ ಕೂಡಿಕೊಂಡಿದ್ದಾಗಲೇ ಓದಿದ್ದು. ಮುಂದೆ ನೀನು ಫಾರ್ಮಸಿಗೆ ಸೇರಿದಾಗ ಅವನ ನೆನಪಾಗಿತ್ತು. ಅಂದೇ ನಿನಗೆ ಹೇಳಬೇಕಿತ್ತು, ಹೇಳದೆ ಉಳಿದದ್ದು ನನ್ನ ತಪ್ಪು.

ನನ್ನದೂ ಕೇಳು. ಮೈಸೂರು ತಂಡ 1968–69ರ ಸಂತೋಷ್ ಟ್ರೋಫಿಯಲ್ಲಿ ಬಂಗಾಳವನ್ನು ಸೋಲಿಸಿದಾಗ ನನಗೆ ನಿನಗಿಂತ ಎರಡು ವರ್ಷ ಕಡಿಮೆ. ಬೆಂಗಳೂರಿನ ಆಸ್ಟಿನ್ ಟೌನಿನ ಗಲ್ಲಿಗಲ್ಲಿಯಲ್ಲೂ ನಾವೆಲ್ಲ ಮುಂದಿನ ಅಹ್ಮದ್ ಖಾನ್‌ಗಳೇ. ಆತ ಬೆಂಗಳೂರಿನಿಂದ ಹೋಗಿ ಈಸ್ಟ್ ಬೆಂಗಾಲಿನ ‘ಪಂಚಪಾಂಡವ’ರಲ್ಲಿ ಒಬ್ಬನಾದವನು, 1948ರ ಒಲಿಂಪಿಕ್ಸಿನಲ್ಲಿ ಬರಿಗಾಲಲ್ಲಿ ಆಡಿದವನು. 1971ರಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ನಾನು ಕಾಲೇಜು ಬಿಟ್ಟು ಒಂದು ಕಾರ್ಖಾನೆಯ ತಂಡ ಸೇರಿದೆ. ಆಟವಿದ್ದರೆ ಕೆಲಸವಿರುತ್ತದೆ ಎಂದಿದ್ದರು. ಕಾಗದದಲ್ಲಿ ಏನೂ ಇರಲಿಲ್ಲ, ನಾನೂ ಕೇಳಲಿಲ್ಲ. 1976ರಲ್ಲಿ ಅಭ್ಯಾಸದ ವೇಳೆ ಬಲಮಂಡಿ ತಿರುಚಿತು. ಆರು ತಿಂಗಳು ಕಳೆದರೂ ಓಡಲಾಗಲಿಲ್ಲ. ಏಳನೇ ತಿಂಗಳಲ್ಲಿ ನಾಳೆಯಿಂದ ಬರಬೇಡ ಎಂದರು. ನಿನ್ನ ತಾತ, ನನ್ನಣ್ಣ, ಯಾರದೋ ಕೈಕಾಲು ಹಿಡಿದು ವಿಶಾಖದ ಬಂದರಿನ ಹತ್ತಿರ ಒಬ್ಬ ಗುತ್ತಿಗೆದಾರನ ಬಳಿ ಸ್ಟೋರ್‌ಕೀಪರ್ ಕೆಲಸ ಕೊಡಿಸಿದ. ಬಂದವನು ಇಲ್ಲೇ ಉಳಿದೆ. ಡಿಗ್ರಿ ಇದ್ದ ಹುಡುಗರು ಬಂದು, ನನ್ನ ಕೈಕೆಳಗೆ ಕಲಿತು, ನನ್ನ ಮೇಲಿನ ಕುರ್ಚಿಗೆ ಹೋಗುವುದನ್ನು ಮೂವತ್ತು ವರ್ಷ ನೋಡಿದೆ.

ಆಡಿದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಟ್ಟವನಲ್ಲ. ಆ ಐದು ವರ್ಷ ನನ್ನ ಬದುಕಿನ ಬೆಳಕು. ಓದನ್ನು ಎದುರಾಳಿ ಎಂದುಕೊಂಡೆನಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ. ಅದು ನನ್ನದೇ ತಂಡದಲ್ಲಿ ಆಡಲು ಬಂದಿತ್ತು, ನಾನೇ ಹೊರಗೆ ಕೂರಿಸಿದೆ.

ಈಗ ಕಾಲ ಬದಲಾಗಿದೆ, ದೊಡ್ಡ ಕ್ಲಬ್ಬುಗಳಿವೆ ಎನ್ನುತ್ತೀಯ. ಇವೆ. ಆದರೆ 2025ರ ಬೇಸಿಗೆ ಕಳೆದ ಮೇಲೆ ಏನಾಯಿತೆಂದು ನಿನಗೇ ಗೊತ್ತು. ಲೀಗ್ ನಡೆಸುತ್ತಿದ್ದ ಕಂಪನಿಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ (ಎಐಎಫ್‌ಎಫ್) ಇದ್ದ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿತ್ತು, ಹೊಸದು ಆಗಿರಲಿಲ್ಲ. ಜುಲೈಯಲ್ಲಿ ಐಎಸ್‌ಎಲ್ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ಅನಿರ್ದಿಷ್ಟ ಕಾಲ ನಿಲ್ಲಿಸಿತು. ಛೆಟ್ರಿ ಆಡುತ್ತಿದ್ದ ತಂಡದ ಗತಿ ಅದು. ಇನ್ನು ಸೂಪರ್ ಡಿವಿಷನ್ನಿನಲ್ಲಿ ಬೆಂಚಿನ ಮೇಲೆ ಕೂರುವ ಇಪ್ಪತ್ತರ ಹುಡುಗನನ್ನು ಯಾರು ನೋಡಿಕೊಳ್ಳುತ್ತಾರೆ? ಆಂಧ್ರದಲ್ಲಂತೂ ಮರಳಿ ಬಂದು ಸೇರಿಕೊಳ್ಳಲು ಐಎಸ್‌ಎಲ್ ತಂಡವೂ ಇಲ್ಲ.

ಬಿ.ಫಾರ್ಮಾ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ನಿನಗೆ ಉಳಿದಿರುವುದು ಮೂರು. ಮೂರು ವರ್ಷ ಓದಿ ಬಿಟ್ಟವನು ಕಾನೂನಿನ ಕಣ್ಣಲ್ಲಿ ಏನೂ ಓದದವನಿಗೆ ಸಮ. ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿಯಾಗದೆ ಔಷಧ ಕೊಡುವಂತಿಲ್ಲ, 1948ರ ಕಾಯ್ದೆ ಹಾಗಿದೆ. ಈ ಒಂದೂವರೆ ವರ್ಷದಲ್ಲಿ ನಿನ್ನ ಕಾಲೇಜು, ವಿಶ್ವವಿದ್ಯಾಲಯ ತಂಡಗಳಿಗೆ ಆಡು. ಅಂತರ್ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ನೋಡುವ ಕಣ್ಣುಗಳಿರುತ್ತವೆ. ರಜೆಯಲ್ಲಿ ಬೆಂಗಳೂರಿಗೆ ಹೋಗು, ಟ್ರಯಲ್ಸ್ ಕೊಡು, ಖರ್ಚು ನನ್ನದು. ತಂಡ ಕರೆದರೆ ಮಾತ್ರ ನಾನು ಕೇಳದೆ ಉಳಿದದ್ದನ್ನು ನೀನು ಕೇಳು. ಎಐಎಫ್‌ಎಫ್‌ನ ನೋಂದಣಿ ವ್ಯವಸ್ಥೆಯಲ್ಲಿ ನನ್ನ ಹೆಸರು ಸೇರಿಸುತ್ತೀರಾ, ಸಂಬಳ ಬ್ಯಾಂಕಿಗೆ ಬರುತ್ತದಾ, ಮಂಡಿ ಮುರಿದರೆ ಆಪರೇಷನ್ನಿನ ದುಡ್ಡು ಯಾರದು? ಕಾಗದದಲ್ಲಿ ತೋರಿಸಿ ಎನ್ನಲು ನಾಚಬೇಡ. ಟ್ರಯಲ್ಸ್‌ಗೇ ದುಡ್ಡು ಕೇಳುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬಾ.

ಇನ್ನು ನಿನ್ನಪ್ಪನಿಗೆ ಎರಡು ಮಾತು, ಈ ಪತ್ರ ಅವನಿಗೂ ಓದಿಸು. ಪುಟ್ಟುವಿನ ಬೂಟು ಮುಚ್ಚಿಡಬೇಡಪ್ಪ. ಬೆಳಿಗ್ಗೆ ಐದಕ್ಕೆ ಎದ್ದು ವಿಜಯವಾಡದ ಆ ಸೆಕೆಯಲ್ಲಿ ಯಾರೂ ಹೇಳದೆ ಎರಡು ಗಂಟೆ ಓಡುವ ಹುಡುಗ ಪುಸ್ತಕದ ಮುಂದೆಯೂ ಕೂರಬಲ್ಲ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ನೀನು ಹಟ ಹಿಡಿದದ್ದಕ್ಕೇ ಅವನು ಆಟವನ್ನು ಆರಿಸಿಕೊಂಡ. ನಮ್ಮಣ್ಣ ನನಗೆ ಹಾಗೆ ಹೇಳಿದ್ದ, ನಾನೂ ಹಾಗೇ ಆರಿಸಿಕೊಂಡೆ.

ಪುಟ್ಟೂ, ನಿನ್ನ ಆಟದ ವಿಡಿಯೊ ನೋಡಿದೆ. ಎಡಗಾಲು ಚೆನ್ನಾಗಿದೆ, ಪಾಸು ನೆಲಕ್ಕೆ ಅಂಟಿಕೊಂಡೇ ಹೋಗುತ್ತದೆ. ಆದರೆ ಚೆಂಡು ಕಾಲಿಗೆ ಬಂದ ಮೇಲೆ ತಲೆ ಎತ್ತುತ್ತೀಯ. ಅದು ತಡವಾಯಿತು. ಮುಂದಿನ ಶನಿವಾರ ಮಧ್ಯಾಹ್ನದ ರತ್ನಾಚಲ ರೈಲಿಗೆ ಟಿಕೆಟ್ ತೆಗೆದಿದ್ದೇನೆ, ಸಂಜೆ ನಿಮ್ಮಲ್ಲಿರುತ್ತೇನೆ. ಭಾನುವಾರ ಬೆಳಿಗ್ಗೆ ಪಂದ್ಯ ಇಟ್ಟುಕೋ. ಗೋಲಿನ ಹಿಂದೆ ನನಗೆ ಕುರ್ಚಿ ಹಾಕಿಸಬೇಡ, ನಡುಗೆರೆಯ ಪಕ್ಕದಲ್ಲಿ ಹಾಕಿಸು. ಚೆಂಡು ಬರುವ ಮುಂಚೆ ನಿನ್ನ ಕತ್ತು ಎಷ್ಟು ಸಲ ತಿರುಗುತ್ತದೆಂದು ಎಣಿಸಬೇಕು.

ನಿನ್ನ ಚಿಕ್ಕತಾತ