ಬಿದಿರ ಬೇರಿನಲ್ಲಿ ಮೂಡುವ ದೇವತೆಗಳು

ಸೊಂಡೂರಿನ ಸಮೀಪದ ದೋಣಿಮಲೈ ಗಣಿಯಿಂದ ಕಬ್ಬಿಣದ ಅದಿರು ಜಪಾನಿಗೆ ಹೋದುದನ್ನು ನಾವು ಬಲ್ಲೆವು. ಅದಕ್ಕೂ ಬಹು ಹಿಂದೆಯೇ ನಮ್ಮ ದೇವತೆಗಳು ಬೌದ್ಧಧರ್ಮದೊಡನೆ ಚೀನದ ಮಾರ್ಗವಾಗಿ ಆ ದೇಶವನ್ನು ಸೇರಿದ್ದರು. ಜಪಾನೀಯರು ಶುಭದಾಯಕರೆಂದು ಪೂಜಿಸುವ ಏಳು ದೇವತೆಗಳಲ್ಲಿ ಬೆಂಜೈತೆನ್ ನಮ್ಮ ಸರಸ್ವತಿ. ಬಿಷಾಮೊನ್‌ತೆನ್ ವೈಶ್ರವಣನೆಂಬ ಕುಬೇರ. ಭಯಂಕರನಾದ ಮಹಾಕಾಲನು ಅಲ್ಲಿ ಅಕ್ಕಿಮೂಟೆಗಳ ಮೇಲೆ ನಿಂತು ನಗುವ ದೈಕೊಕುತೆನ್ ಆಗಿದ್ದಾನೆ.

ಈ ಮೂರ್ತಿಗಳನ್ನು ಬಿದಿರಿನಲ್ಲಿಯೂ ಕೆತ್ತುವುದುಂಟು. ಟೊಳ್ಳಾದ ಬಿದಿರಿನಲ್ಲಿ ಇದು ಸಾಧ್ಯವಾಗುವುದೆಂತು? ಬಿದಿರು ಮರವಲ್ಲ, ಹುಲ್ಲಿನ ಕುಟುಂಬಕ್ಕೆ ಸೇರಿದುದು. ಅದು ಮರದಂತೆ ವರ್ಷವರ್ಷವೂ ದಪ್ಪವಾಗದು. ಕಳಲೆಯಾಗಿ ಹೊರಟಾಗಿನ ಗಾತ್ರವೇ ಕಡೆಯವರೆಗೂ ಉಳಿಯುತ್ತದೆ. ಆದರೆ ಬುಡದಲ್ಲಿ ಗಿಣ್ಣುಗಳು ಒತ್ತೊತ್ತಾಗಿದ್ದು, ಗೋಡೆಯೂ ದಪ್ಪವಾಗಿರುತ್ತದೆ. ಆದುದರಿಂದ ಶಿಲ್ಪಿಯು ಬುಡವನ್ನು ಬೇರುಸಹಿತ ಅಗೆದು ತೆಗೆಯುತ್ತಾನೆ. ಬೇರಿನ ಎಳೆಗಳೇ ವೃದ್ಧದೇವತೆಯಾದ ಜುರೋಜಿನ್‌ನ ಗಡ್ಡವಾಗಬಲ್ಲವು!

ಬಿದಿರಿನಲ್ಲಿರುವ ಪಿಷ್ಟವು ಕೊರೆಹುಳುಗಳಿಗೆ ಆಹಾರ. ಕೆಲವು ವಾರ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿದರೆ ಆ ಪಿಷ್ಟವು ಕುಂದಿ ಮೂರ್ತಿ ಬಾಳಿಕೆ ಬರುತ್ತದೆ.

ಹೊಸಪೇಟೆಗೆ ದೂರವಲ್ಲದ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಅಂಗಾಂಗಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಅಂಟಿನಿಂದ ಜೋಡಿಸಿ ಬಣ್ಣ ಹಚ್ಚುತ್ತಾರೆ. ಬಿದಿರಿನ ಶಿಲ್ಪಿಗೆ ಆ ಸ್ವಾತಂತ್ರ್ಯವಿಲ್ಲ. ಬೇರು ಬೆಳೆದ ರೀತಿಯನ್ನು ಅರಿತೇ ಅವನು ಉಳಿಯಿಡಬೇಕು. ವಸ್ತುವಿನ ಗುಣವನ್ನರಿಯುವುದು ವಿಜ್ಞಾನಿಗೆ ಮಾತ್ರವಲ್ಲ, ಶಿಲ್ಪಿಗೂ ಮೊದಲ ಪಾಠವೆಂಬುದನ್ನು ನಾವು ಇಲ್ಲಿ ಕಾಣುತ್ತೇವೆ.